ಒಂದು ದಿನದ ಹಾಯಿ, ಮೂರು ದಿನದ ಆರೈಕೆ

ತುಂಗಭದ್ರೆಯ ದಂಡೆಯ ಊರುಗಳಲ್ಲಿ ಬೆಳೆದವರಿಗೆ ಹರಿಗೋಲು ಹೊಸದಲ್ಲ. ಬಿದಿರಿನ ಸೀಳುಗಳನ್ನು ದೊಡ್ಡ ಬುಟ್ಟಿಯಂತೆ ಹೆಣೆದು, ಹಿಂದಿನ ಕಾಲದಲ್ಲಿ ಅದಕ್ಕೆ ಚರ್ಮ ಹೊದಿಸುತ್ತಿದ್ದರು. ನಾವು ಕಂಡ ದಿನಗಳಲ್ಲಿ ಪ್ಲಾಸ್ಟಿಕ್ ಚೀಲದ ಹಾಳೆ ಹೊದಿಸಿ ಡಾಂಬರು ಬಳಿಯುತ್ತಿದ್ದರು. ಬೇಸಿಗೆಯಲ್ಲಿ ಹೊಳೆ ಇಳಿದಾಗ ಅಂಬಿಗರ ಮನೆಮಂದಿಯೆಲ್ಲ ಸೇರಿ ಹರಿಗೋಲನ್ನು ದಂಡೆಯ ಮೇಲೆ ಬೋರಲು ಹಾಕಿ, ಮುರಿದ ಸೀಳುಗಳನ್ನು ಬದಲಿಸಿ, ಮತ್ತೆ ಡಾಂಬರು ಬಳಿಯುವುದನ್ನು ಹುಡುಗರಾದ ನಾವು ಸುತ್ತ ನಿಂತು ನೋಡುತ್ತಿದ್ದೆವು. ಹೊಳೆ ದಾಟಲು ಬೇಕಾದದ್ದು ಕಾಲು ಗಂಟೆ. ಆ ಕಾಲು ಗಂಟೆಗಾಗಿ ಒಂದು ಕುಟುಂಬ ಎಷ್ಟು ದಿನ ದುಡಿಯುತ್ತದೆ ಎಂಬುದನ್ನು ಆಗ ನಾವು ಎಣಿಸಿರಲಿಲ್ಲ.

ಅದನ್ನು ಎಣಿಸುವ ಸಂದರ್ಭ ಒದಗಿದ್ದು 2024ರ ಬೇಸಿಗೆಯ ಮೊದಲ ದಿನಗಳಲ್ಲಿ, ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ. ಅಲ್ಲಿ ನೆಲೆಸಿರುವ ನಮ್ಮ ಮಗ ಅದಕ್ಕೆ ಎರಡು ವರ್ಷ ಮೊದಲು ಒಂದು ಹಳೆಯ ಹಾಯಿದೋಣಿಯನ್ನು ಕೊಂಡಿದ್ದ. ಸುದ್ದಿ ತಿಳಿದಂದಿನಿಂದ ನಮ್ಮ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಮನೆಯ ಸಾಲ ತೀರಿಲ್ಲ, ಇಬ್ಬರು ಮಕ್ಕಳ ಮುಂದಿನ ಓದಿನ ಖರ್ಚು ಎದುರಿಗಿದೆ, ಇಂಥದರಲ್ಲಿ ದೋಣಿಯ ಹಂಬಲವೇಕೆ? ದೋಣಿಗೆ ಕೊಟ್ಟ ಬೆಲೆ ನಮ್ಮ ಲೆಕ್ಕದಲ್ಲಿ 5 ಲಕ್ಷ ರೂಪಾಯಿ. ಅದನ್ನು ನಿಲ್ಲಿಸುವ ಜಾಗದ ಬಾಡಿಗೆ, ಚಳಿಗಾಲದಲ್ಲಿ ನೀರಿನಿಂದ ಮೇಲೆತ್ತಿಡುವ ಕೂಲಿ, ಬಣ್ಣ, ಹಗ್ಗ ಎಂದು ವರುಷ ವರುಷ ಮತ್ತೆ ಮೂರು ಲಕ್ಷ. ಅದನ್ನು ಮಾರಿಸಿಯೇ ಬರಬೇಕೆಂಬ ನಿಶ್ಚಯದಿಂದಲೇ ನಾವು, ಪತಿ ಪತ್ನಿಯರಿಬ್ಬರೂ, ಏಪ್ರಿಲ್ ತಿಂಗಳ ಮೊದಲ ವಾರ ವಿಮಾನವೇರಿದೆವೆಂದು ಹೇಳಿದರೆ ತಪ್ಪಾಗಲಾರದು.

ದೋಣಿಯಿದ್ದದ್ದು ಚೆಸಪೀಕ್ ಕೊಲ್ಲಿಯಲ್ಲಿ, ರಾಜ್ಯದ ರಾಜಧಾನಿಯಾದ ಅನಾಪೊಲಿಸ್ ನಗರಕ್ಕೆ ಸಮೀಪದ ಸೌತ್ ನದಿಯ ಒಂದು ಸಣ್ಣ ಕವಲಿನಲ್ಲಿ. ಈ ಕೊಲ್ಲಿಯ ವಿಷಯ ಒಂದೆರಡು ಮಾತು ಹೇಳುವುದು ಅವಶ್ಯ. ಹಿಮಯುಗ ಕಳೆದು ಸಮುದ್ರದ ಮಟ್ಟ ಏರಿದಾಗ ಸಸ್ಕ್ವೆಹಾನ ನದಿಯ ಕಣಿವೆಯೊಳಗೆ ಕಡಲು ನುಗ್ಗಿತು. ಹಾಗೆ ಮುಳುಗಿದ ಕಣಿವೆಯೇ ಇಂದಿನ ಚೆಸಪೀಕ್. ಉತ್ತರ ದಕ್ಷಿಣವಾಗಿ ಸುಮಾರು 320 ಕಿಲೋಮೀಟರ್ ಉದ್ದ. ಆದರೆ ಸರಾಸರಿ ಆಳ ಕೇವಲ 21 ಅಡಿ. ಮೇಲಿನಿಂದ ನದಿಗಳ ಸಿಹಿನೀರು, ಕೆಳಗಿನಿಂದ ಅಟ್ಲಾಂಟಿಕ್ ಸಾಗರದ ಉಪ್ಪುನೀರು ಬಂದು ಬೆರೆಯುತ್ತವೆ. ದಂಡೆಯುದ್ದಕ್ಕೂ ನೂರಾರು ಕವಲುಗಳು, ಹಿನ್ನೀರುಗಳು. ದೊಡ್ಡ ಅಲೆಗಳಿಲ್ಲದ, ಹೊಕ್ಕಲ್ಲೆಲ್ಲ ಆಸರೆ ದೊರೆಯುವ ಇಂಥ ನೀರು ಹಾಯಿದೋಣಿಯ ಸಂಸಾರಸ್ಥರಿಗೆ ಹೇಳಿ ಮಾಡಿಸಿದ್ದು. ಜುಲೈ ಬಂದರೆ ಗಾಳಿ ಸತ್ತು ಸೆಕೆ ಏರುತ್ತದೆ, ಚುಚ್ಚುವ ಲೋಳೆಮೀನುಗಳು ನೀರಿನಲ್ಲಿ ತುಂಬಿಕೊಳ್ಳುತ್ತವೆ. ಆದುದರಿಂದ ಏಪ್ರಿಲ್ ಕೊನೆಯಿಂದ ಜೂನ್ ನಡುವಿನವರೆಗಿನ ಶನಿವಾರ, ಭಾನುವಾರಗಳೇ ಅಲ್ಲಿನವರಿಗೆ ಸುಗ್ಗಿಯ ದಿನಗಳು.

ಅನಾಪೊಲಿಸ್‌ನಲ್ಲಿ ಒಂದು ತಮಾಷೆಯ ರೂಢಿಯಿದೆ. ಮಾರ್ಚ್ ತಿಂಗಳಲ್ಲಿ ಹಗಲಿರುಳು ಸಮವಾಗುವ ಹೊತ್ತಿಗೆ ದೋಣಿಯವರೆಲ್ಲ ಒಟ್ಟುಗೂಡಿ, ಚಳಿಗಾಲದುದ್ದಕ್ಕೂ ತೊಟ್ಟ ಕಾಲುಚೀಲಗಳನ್ನು ಬೆಂಕಿಗೆ ಹಾಕಿ ಸುಡುತ್ತಾರೆ. ಇನ್ನು ಬರಿಗಾಲಿನಲ್ಲಿ ದೋಣಿಯೇರುವ ಕಾಲ ಬಂತೆಂದು ಅದರ ಅರ್ಥ. ಹೆಚ್ಚು ಕಡಿಮೆ ಅದೇ ದಿನಗಳಲ್ಲಿ ನಮ್ಮೂರಿನ ಓಣಿಗಳಲ್ಲಿ ಕಾಮನನ್ನು ಸುಡುವುದು ನೆನಪಾಗಿ ನಮಗೆ ನಗು ಬಂತು. ಋತು ತಿರುಗಿದ್ದನ್ನು ಸಾರಲು ಮನುಷ್ಯನಿಗೆ ಎಲ್ಲಿಯೂ ಒಂದಿಷ್ಟು ಬೆಂಕಿ ಬೇಕೆಂದು ತೋರುತ್ತದೆ.

ಮೊದಲ ಶನಿವಾರ ಮಗ ನಮ್ಮನ್ನು ದೋಣಿಯ ಅಂಗಳಕ್ಕೆ ಕರೆದೊಯ್ದ. ನೀರಿನಲ್ಲಿ ತೇಲುವ ಬಿಳಿಯ ಹಕ್ಕಿಯಂಥ ದೋಣಿಯನ್ನು ಕಾಣುತ್ತೇವೆಂದು ಹೊರಟಿದ್ದ ನಮಗೆ ಕಂಡದ್ದು ನೆಲದ ಮೇಲೆ ಕಬ್ಬಿಣದ ಊರುಗೋಲುಗಳ ಆಸರೆಯಲ್ಲಿ ನಿಂತ, ಹೊಟ್ಟೆಯೆಲ್ಲ ಮಾಸಿದ, 27 ಅಡಿ ಉದ್ದದ ಒಂದು ಮುದಿ ದೋಣಿ. ಫೈಬರ್ ಗ್ಲಾಸಿನಲ್ಲಿ 1979ರಲ್ಲಿ ತಯಾರಾದದ್ದು. ವಯಸ್ಸಿನಲ್ಲಿ ನಮ್ಮ ಮಗನಿಗಿಂತ ಹಿರಿದು. ತಳದಲ್ಲಿ ಮೀನಿನ ಈಜುರೆಕ್ಕೆಯಂತೆ ಕೆಳಗಿಳಿದ ಒಂದು ಭಾರವಾದ ಲೋಹದ ಹಲಗೆ. ಗಾಳಿ ದೋಣಿಯನ್ನು ಪಕ್ಕಕ್ಕೆ ಒರಗಿಸಿದಾಗ ಅದನ್ನು ಮಗುಚದಂತೆ ಹಿಡಿಯುವುದು ಆ ಭಾರವೇ ಎಂದು ಮೊಮ್ಮಗ ವಿವರಿಸಿದ.

"ಇದನ್ನ ನೀರಿಗೆ ಯಾವಾಗ ಬಿಡ್ತೀರಿ?" ಎಂದು ಕೇಳಿದೆವು.

"ಇನ್ನೂ ಮೂರು ವಾರದ ಕೆಲಸ ಐತ್ರಿ ಅಪ್ಪಾ. ದೋಣಿ ಅಂದ್ರ ಒಂದು ದಿನದ ಹಾಯಿ, ಮೂರು ದಿನದ ಆರೈಕಿ," ಎಂದು ಮಗ ನಕ್ಕ. ನೀರಿನಲ್ಲಿ ಒಂದು ಹೊಂಡ ತೋಡಿ ಅದರೊಳಗೆ ಹಣ ಸುರಿಯುವುದಕ್ಕೆ ದೋಣಿ ಎಂದು ಹೆಸರು ಎಂಬ ಮಾತು ಅಲ್ಲಿನ ದೋಣಿಯವರಲ್ಲಿಯೇ ಪ್ರಚಲಿತವಾಗಿದೆಯಂತೆ. ಅದನ್ನು ಕೇಳಿದ ನಮ್ಮ ಮನೆಯವರು, "ಅವರಿಗೇ ಗೊತ್ತಿದ್ದೂ ಹೊಂಡಕ್ಕ ಬೀಳ್ತಾರಲ್ಲ!" ಎಂದು ನಮ್ಮ ಕಿವಿಯಲ್ಲಿ ಅಂದರು.

ಆ ಮೂರು ವಾರಗಳ ಶನಿವಾರ, ಭಾನುವಾರಗಳಲ್ಲಿ ನಾವು ಕಂಡದ್ದನ್ನು ಕ್ರಮವಾಗಿ ಹೇಳುವುದು ಒಳ್ಳೆಯದು. ಮೊದಲು ದೋಣಿಯ ಹೊಟ್ಟೆಯ ಹಳೆಯ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಬೇಕು. ಆ ಬಣ್ಣದಲ್ಲಿ ತಾಮ್ರದ ಅಂಶವಿರುತ್ತದೆ. ನೀರಿನೊಳಗೆ ಅದು ಅಷ್ಟಷ್ಟಾಗಿ ಬಿಡುತ್ತ, ಪಾಚಿಯೂ ಚಿಪ್ಪುಹುಳುಗಳೂ ದೋಣಿಯ ತಳಕ್ಕೆ ಅಂಟದಂತೆ ತಡೆಯುತ್ತದೆ. ಅವುಗಳಿಗೆ ವಿಷವಾದದ್ದು ನಮ್ಮ ಶ್ವಾಸಕೋಶಕ್ಕೂ ಹಿತವಲ್ಲವಾದ್ದರಿಂದ ಎಲ್ಲರೂ ಮೂಗುಬಾಯಿಗೆ ಮುಸುಕು ಬಿಗಿದು, ಧೂಳು ಹೀರುವ ಯಂತ್ರ ಹಚ್ಚಿ ಕೆಲಸ ಮಾಡಿದರು. ಅನಂತರ ಹೊಸ ಬಣ್ಣದ ಎರಡು ಕೋಟು. ಹಿಂಬದಿಯ ಕಂಚಿನ ಪಂಖದ ದಂಡಕ್ಕೆ ಮುಷ್ಟಿಗಾತ್ರದ ಒಂದು ಲೋಹದ ಗುಂಡನ್ನು ಬಿಗಿದರು. ಉಪ್ಪುನೀರಿನಲ್ಲಿ ಬೇರೆ ಬೇರೆ ಲೋಹಗಳು ಕೂಡಿ ಇದ್ದರೆ ಅವುಗಳ ನಡುವೆ ಸಣ್ಣದೊಂದು ವಿದ್ಯುತ್ತು ಹರಿದು ಒಂದು ಲೋಹ ಕರಗತೊಡಗುತ್ತದೆ. ಸತು ಇಲ್ಲವೆ ಅಲ್ಯೂಮಿನಿಯಂನ ಈ ಗುಂಡು ತಾನು ಮೊದಲು ಕರಗಿ ಕಂಚನ್ನು ಉಳಿಸುತ್ತದೆ. ವರ್ಷಕ್ಕೊಮ್ಮೆ ಸವೆದದ್ದನ್ನು ತೆಗೆದು ಹೊಸದನ್ನು ಹಾಕಬೇಕು. ಮನೆಮಂದಿಗಾಗಿ ತಾನು ಸವೆಯುವ ತಾಯಂದಿರನ್ನು ಕಂಡ ನಮಗೆ ಆ ಗುಂಡಿನ ಮೇಲೆ ಏಕೋ ಮಮತೆ ಹುಟ್ಟಿತು.

ಕೆಲಸದ ಹಂಚಿಕೆ ನಮ್ಮ ಗಮನ ಸೆಳೆಯಿತು. ಬಣ್ಣ, ಯಂತ್ರ ಮಗನ ಪಾಲು. ಹಾಯಿಗಳನ್ನು ಬಿಚ್ಚಿ ಹರಡಿ, ಹೊಲಿಗೆ ಬಿಟ್ಟಲ್ಲಿ ದಪ್ಪ ಸೂಜಿಯಿಂದ ಹೊಲಿಯುವುದು ಸೊಸೆಯ ಪಾಲು. ಹದಿನಾರರ ಮೊಮ್ಮಗನಿಗೆ ಒಂದು ನೋಟುಬುಕ್ಕು. ಅದರಲ್ಲಿ ದಕ್ಕೆ ಬಿಡುವ ಮೊದಲು ಪರೀಕ್ಷಿಸಬೇಕಾದವುಗಳ ಪಟ್ಟಿ: ಯಂತ್ರದ ಎಣ್ಣೆ, ಬೆಲ್ಟು, ಬ್ಯಾಟರಿ, ನೀರೆತ್ತುವ ಪಂಪು, ತೇಲುವ ಅಂಗಿಗಳು, ರೇಡಿಯೋ, ಪೈಪುಗಳ ಕ್ಲಾಂಪು. ನೋಡಿ, ಕೈಯಿಂದ ಮುಟ್ಟಿ, ಆಮೇಲೆ ಗುರುತು ಹಾಕಬೇಕು; ಅದರ ಕೆಳಗೆ ಅಪ್ಪ ಸಹಿ ಹಾಕುತ್ತಾನೆ. ಹತ್ತು ವರ್ಷದ ಮೊಮ್ಮಗಳಿಗೂ ಒಂದು ಕೆಲಸವಿತ್ತು. ದೋಣಿಯ ತಳದಲ್ಲಿ ನೀರು ಒಳಬರುವ, ಹೊರಹೋಗುವ ತೂತುಗಳಿವೆ. ಪ್ರತಿಯೊಂದಕ್ಕೂ ಒಂದು ವಾಲ್ವು, ಅದರ ಪಕ್ಕದಲ್ಲಿ ದಾರ ಕಟ್ಟಿದ ಒಂದು ಮರದ ಬಿರಡೆ. ವಾರಕ್ಕೊಮ್ಮೆ ಪ್ರತಿ ವಾಲ್ವಿನ ಹಿಡಿಯನ್ನು ತಿರುಗಿಸಿ ಮುಚ್ಚಿ, ಮತ್ತೆ ತೆರೆಯಬೇಕು. ಬಳಸದೆ ಬಿಟ್ಟ ವಾಲ್ವು ಹಿಡಿದುಕೊಂಡು, ಬೇಕಾದಾಗ ತಿರುಗುವುದಿಲ್ಲ. "ನಾನು ವಾಲ್ವಿಗೆ ವ್ಯಾಯಾಮ ಮಾಡಿಸ್ತೀನಿ ಅಜ್ಜಾ," ಎಂದು ಆಕೆ ಹೆಮ್ಮೆಯಿಂದ ಹೇಳಿದಳು. ಇದು ಮಕ್ಕಳನ್ನು ತೊಡಗಿಸಿಡುವ ಆಟವೆಂದೇ ನಾವು ಬಗೆದೆವು.

ಮನೆಯಲ್ಲಿ ನಾಲ್ವರು ನಾಲ್ಕು ಕೋಣೆಗಳಲ್ಲಿ, ನಾಲ್ಕು ಪರದೆಗಳ ಮುಂದೆ ಇರುವುದನ್ನು ನಾವು ವಾರದ ದಿನಗಳಲ್ಲಿ ಕಾಣುತ್ತಿದ್ದೆವು. ತಂದೆ ಮಗನ ನಡುವೆ ಮಾತು ಎರಡು ವಾಕ್ಯ ಮೀರುತ್ತಿರಲಿಲ್ಲ. ಮೀರಿದರೆ ಅದು ಜಗಳವಾಗುತ್ತಿತ್ತು. ಅದೇ ಇಬ್ಬರು ದೋಣಿಯ ಹೊಟ್ಟೆಯ ಕೆಳಗೆ ಬೆನ್ನು ಬೆನ್ನು ತಾಗಿಸಿ ಮಲಗಿ, ಬಣ್ಣದ ಡಬ್ಬಿಯನ್ನು ಒಬ್ಬರಿಂದೊಬ್ಬರು ಇಸಿದುಕೊಳ್ಳುತ್ತ ಗಂಟೆಗಟ್ಟಲೆ ಇರುತ್ತಿದ್ದರು. ಆಗಲೂ ಮಾತು ಕಡಿಮೆಯೇ. ಆದರೆ ಆ ಮೌನ ಬೇರೆಯದಾಗಿತ್ತು. ಇದನ್ನು ಕಂಡೂ ನಾವು ನಮ್ಮ ನಿಶ್ಚಯವನ್ನು ಬಿಟ್ಟುಕೊಡಲಿಲ್ಲ. ಸರಿಯಾದ ಸಮಯ ನೋಡಿ ಮಾರುವ ಮಾತೆತ್ತಬೇಕೆಂದು ಕಾದೆವು.

ಏಪ್ರಿಲ್ ಕೊನೆಗೆ ದೋಣಿ ನೀರಿಗಿಳಿಯಿತು. ಎರಡು ಅಗಲವಾದ ಪಟ್ಟಿಗಳಲ್ಲಿ ತೂಗುತ್ತ, ಯಂತ್ರವು ಅದನ್ನು ಮೆಲ್ಲನೆ ಇಳಿಸಿದಾಗ ಮನೆಯಿಂದ ಹೆಣ್ಣುಮಗಳನ್ನು ಕಳಿಸಿಕೊಟ್ಟವರಂತೆ ಎಲ್ಲರೂ ಉಸಿರು ಹಿಡಿದು ನಿಂತಿದ್ದರು. ಮೊದಲ ವಿಹಾರಕ್ಕೆ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿ ಕಟ್ಟಿಕೊಂಡು ಹೊರಟೆವು. ಮೇರಿಲ್ಯಾಂಡ್‌ನಲ್ಲಿ 1972ರ ಜುಲೈ 1 ಮತ್ತು ಅದರ ನಂತರ ಹುಟ್ಟಿದವರು ಯಂತ್ರವಿರುವ ದೋಣಿ ನಡೆಸಬೇಕಾದರೆ ಸುರಕ್ಷತೆಯ ಪಾಠ ಕಲಿತ ಪ್ರಮಾಣಪತ್ರ ಪಡೆದಿರಬೇಕು. ಮಗನೂ ಸೊಸೆಯೂ ಪಡೆದಿದ್ದರು. ಕವಲಿನ ಬಾಯಿಯವರೆಗೆ ಯಂತ್ರ, ಅಲ್ಲಿಂದಾಚೆ ಹಾಯಿ. ಯಂತ್ರ ನಿಂತ ಕ್ಷಣ ಕಿವಿಗೆ ಬಿದ್ದ ನಿಶ್ಶಬ್ದ, ಒಡಲಿಗೆ ನೀರು ತಾಗುವ ಮೆಲುದನಿ, ಹಾಯಿ ಗಾಳಿ ತುಂಬಿಕೊಂಡು ದೋಣಿ ಒಂದು ಪಕ್ಕಕ್ಕೆ ಒರಗಿ ಮುಂದೆ ಸರಿದಾಗಿನ ಆ ಹಗುರ, ಇವು ಎಪ್ಪತ್ತು ದಾಟಿದ ನಮಗೆ ಹೊಸ ಅನುಭವಗಳೇ ಸರಿ.

ನೀರಿನ ಮೇಲಿನ ದಾರಿ ತೋರುವ ಕಂಬಗಳ ತಲೆಯ ಮೇಲೆಲ್ಲ ಕಡ್ಡಿಗಳ ದೊಡ್ಡ ಗೂಡುಗಳು. ಆಸ್ಪ್ರೇ ಎಂಬ, ಮೀನು ಹಿಡಿಯುವ ಗಿಡುಗಗಳ ಮನೆಗಳವು. ಡಿ.ಡಿ.ಟಿ. ಎಂಬ ಕೀಟನಾಶಕದಿಂದ ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆದು ಅವುಗಳ ಸಂತತಿ ಕ್ಷೀಣಿಸಿತ್ತಂತೆ. 1972ರಲ್ಲಿ ಆ ದೇಶ ಅದರ ಬಳಕೆಯನ್ನು ನಿಷೇಧಿಸಿದ ಮೇಲೆ ಚೇತರಿಸಿಕೊಂಡವು. ದಕ್ಷಿಣದಿಂದ ಮಾರ್ಚ್ ತಿಂಗಳಲ್ಲಿ ಬಂದು, ಹೋದ ವರ್ಷದ ಗೂಡನ್ನೇ ಮತ್ತೆ ರಿಪೇರಿ ಮಾಡಿಕೊಳ್ಳುತ್ತವೆ. "ಅವಕ್ಕೂ ನಮ್ಮ ಮಗನ ಹಂಗ ಶನಿವಾರದ ಕೆಲಸ," ಎಂದರು ನಮ್ಮ ಮನೆಯವರು. ಸೌತ್ ನದಿ ಕೊಲ್ಲಿಯನ್ನು ಕೂಡುವಲ್ಲಿ, ನೀರಿನ ನಡುವೆ ಕಬ್ಬಿಣದ ಕಾಲುಗಳ ಮೇಲೆ ನಿಂತ ಆರು ಮೂಲೆಯ ಬಿಳಿಯ ಮನೆಯೊಂದಿದೆ. ಅದು 1875ರಲ್ಲಿ ಕಟ್ಟಿದ ಥಾಮಸ್ ಪಾಯಿಂಟ್ ದೀಪಸ್ತಂಭ. ಪ್ರತಿ ವಾರ ಅದನ್ನು ಕಂಡು ತಿರುಗಿ ಬರುವುದು ನಮ್ಮ ಪದ್ಧತಿಯಾಯಿತು.

ಹೀಗೆ ಐದಾರು ವಾರಗಳು ಸುಖವಾಗಿ ಕಳೆದವು. ಸುಖವಾಗಿ ಕಳೆದದ್ದೇ ನಮ್ಮನ್ನು ಮೈಮರೆಸಿತೆಂದು ಈಗ ತೋರುತ್ತದೆ.

ಜೂನ್ ತಿಂಗಳ ಎರಡನೆಯ ಶನಿವಾರ. ಬೆಳಿಗ್ಗೆ ಒಂಬತ್ತರ ಸಮಯ. ಮೊಮ್ಮಗ ದೋಣಿಯೊಳಗೆ ಬಗ್ಗಿ, ಕೈದೀಪ ಹಿಡಿದು ನೋಟುಬುಕ್ಕಿನ ಪಟ್ಟಿಯನ್ನು ಮುಗಿಸುತ್ತಿದ್ದ. ಆ ಹೊತ್ತಿಗೆ ಊರಿನಿಂದ ನಮ್ಮ ತಂಗಿಯ ಫೋನು ಬಂತು. ಮೊಮ್ಮಗನ ಬಾಯಿಂದ ನಾಲ್ಕು ಕನ್ನಡದ ಮಾತು ಆಕೆಗೆ ಕೇಳಿಸಬೇಕೆಂಬ ಆಸೆ ನಮಗೆ. ಕೂಗಿ ಕರೆದೆವು. "ಒಂದು ನಿಮಿಷ ಅಜ್ಜಾ, ಕ್ಲಾಂಪು ನೋಡೂದು ಉಳದೈತಿ," ಎಂದ. "ಅವೇನು ಓಡಿ ಹೋಗ್ತಾವೇನು? ಹೋದ ವಾರ ನೋಡಿದ್ದೇ ಅಲ್ಲ, ಬಾ," ಎಂದೆವು. ಹುಡುಗ ಒಂದು ಕ್ಷಣ ತಡೆದ. ಅನಂತರ ಉಳಿದ ಸಾಲಿಗೂ ಗುರುತು ಹಾಕಿ, ಪುಸ್ತಕ ಮುಚ್ಚಿ ಮೇಲೆ ಬಂದ. ನಮ್ಮ ತಂಗಿಗೆ ಬಹಳ ಸಂತೋಷವಾಯಿತು. ನಮಗೂ.

ಅಂದು ದಕ್ಷಿಣದ ಗಾಳಿ ಹದವಾಗಿ ಬೀಸುತ್ತಿತ್ತು. ಯಂತ್ರ ನಿಲ್ಲಿಸಿ, ಹಾಯಿ ಏರಿಸಿ ಅರ್ಧ ಗಂಟೆಯಾಗಿರಬಹುದು. ದೀಪಸ್ತಂಭ ಕಣ್ಣಿಗೆ ಬಿದ್ದಿತ್ತು. ಅವಲಕ್ಕಿಯ ಡಬ್ಬಿ ತರಲು ಮೊಮ್ಮಗಳು ಒಳಗಿಳಿದಳು. ಇಳಿದವಳು ಅಲ್ಲಿಂದಲೇ, "ಅಜ್ಜಾ, ಒಳಗ ನೀರೈತಿ!" ಎಂದು ಕೂಗಿದಳು. ಬಾಟಲಿಯ ನೀರು ಚೆಲ್ಲಿರಬೇಕೆಂದು ನಾವು ಎದ್ದೇಳಲಿಲ್ಲ. ಮಗ ಮಾತ್ರ ಆ ದನಿ ಕೇಳಿದವನೇ ಚುಕ್ಕಾಣಿಯನ್ನು ಮೊಮ್ಮಗನ ಕೈಗೆ ಕೊಟ್ಟು ಒಳಗೆ ಹಾರಿದ. ಒಳಗಿನ ಹಲಗೆಗಳ ಮೇಲೆ ಪಾದ ಮುಳುಗುವಷ್ಟು ನೀರು ನಿಂತಿತ್ತು. ತಳದ ನೀರೆತ್ತುವ ಪಂಪು ತಾನಾಗಿಯೇ ಓಡುತ್ತಿತ್ತು. ಗಾಳಿಯ ಸದ್ದಿನಲ್ಲಿ ನಮಗಾರಿಗೂ ಅದು ಕೇಳಿಸಿರಲಿಲ್ಲ. ಅದು ಎತ್ತಿ ಹಾಕುವುದಕ್ಕಿಂತ ಬರುವ ನೀರೇ ಹೆಚ್ಚಾಗಿತ್ತು.

ಕಾರಣ ಅತಿ ಸಣ್ಣದು. ಯಂತ್ರವನ್ನು ತಂಪಾಗಿಡಲು ಹೊರಗಿನ ನೀರನ್ನು ಒಳಗೆ ತರುವ ರಬ್ಬರ್ ಪೈಪೊಂದಿದೆ, ಮುಕ್ಕಾಲು ಅಂಗುಲದ್ದು. ಅದನ್ನು ತಳದ ವಾಲ್ವಿಗೆ ಬಿಗಿದಿಡಲು ಎರಡು ಕ್ಲಾಂಪು. ನಮ್ಮ ಹೊಲದ ಪಂಪ್‌ಸೆಟ್ಟಿನ ಪೈಪಿಗೆ ಹಾಕುವಂಥವೇ. ಒಂದು ತುಕ್ಕು ತಿಂದು ತುಂಡಾಗಿತ್ತು, ಇನ್ನೊಂದು ಸಡಿಲಾಗಿತ್ತು. ಯಂತ್ರದ ಅದುರಿಗೆ ಪೈಪು ಕಳಚಿ ಬಿದ್ದಿತ್ತು. ನೀರಿನ ಮಟ್ಟದಿಂದ ಒಂದಡಿ ಕೆಳಗಿರುವ ಆ ಹೆಬ್ಬೆರಳಿನಷ್ಟು ತೂತಿನಿಂದ ನಿಮಿಷಕ್ಕೆ ಸುಮಾರು 25 ಲೀಟರ್ ನೀರು ಒಳಗೆ ಬರುತ್ತದೆ. ಅಂದರೆ ಗಂಟೆಗೆ 1,500 ಲೀಟರ್. ಮಗ ಮೊಣಕೈವರೆಗೆ ನೀರಿನಲ್ಲಿ ಕೈಹಾಕಿ ವಾಲ್ವಿನ ಹಿಡಿಯನ್ನು ಹುಡುಕಿ ತಿರುಗಿಸಿದ. ಅದು ಸಲೀಸಾಗಿ ತಿರುಗಿತು. ನೀರು ನಿಂತಿತು.

ಅದು ಸಲೀಸಾಗಿ ತಿರುಗಿದ್ದು ಹತ್ತು ವರ್ಷದ ಹುಡುಗಿಯೊಬ್ಬಳು ಪ್ರತಿ ವಾರ ತಪ್ಪದೆ ಅದಕ್ಕೆ ವ್ಯಾಯಾಮ ಮಾಡಿಸಿದ್ದರಿಂದ. ನಾವು ಆಟವೆಂದು ತಿಳಿದದ್ದು ಆ ದಿನ ಆರು ಜನರನ್ನು ಕಾಯಿತು.

ಉಳಿದದ್ದೆಲ್ಲ ಶಾಂತವಾಗಿಯೇ ನಡೆಯಿತು. ಸೊಸೆ ಹಾಯಿಯನ್ನು ತಗ್ಗಿಸಿದಳು. ನಾವೆಲ್ಲ ತೇಲುವ ಅಂಗಿ ತೊಟ್ಟೇ ಇದ್ದೆವು. ಬಕೆಟ್ಟಿನಿಂದ, ಪಂಪಿನಿಂದ ನೀರು ಹೊರಗೆ ಹೋಯಿತು. ಬಿಡಿಭಾಗಗಳ ಡಬ್ಬಿಯಲ್ಲಿ ಹೊಸ ಕ್ಲಾಂಪುಗಳಿದ್ದವು. ಅರ್ಧ ಗಂಟೆಯಲ್ಲಿ ಪೈಪು ಸ್ವಸ್ಥಾನ ಸೇರಿತು. ಅಷ್ಟು ಹೊತ್ತೂ ಮೊಮ್ಮಗ ತುಟಿ ಕಚ್ಚಿ ಚುಕ್ಕಾಣಿ ಹಿಡಿದು ನಿಂತಿದ್ದ. ಅವನ ಮುಖವನ್ನು ನೋಡುವ ಧೈರ್ಯ ನಮಗಾಗಲಿಲ್ಲ.

ದಕ್ಕೆಗೆ ಮರಳಿದ ಮೇಲೆ ಮಗ ನೋಟುಬುಕ್ಕು ತೆರೆದ. ಕ್ಲಾಂಪಿನ ಸಾಲಿನ ಮುಂದೆ ಗುರುತು ಸ್ಪಷ್ಟವಾಗಿತ್ತು.

"ನೋಡಿದ್ದೇನು?"

"ಇಲ್ಲ," ಎಂದ ಹುಡುಗ.

"ಮತ್ತ ಗುರುತು ಯಾಕ ಹಾಕಿದಿ?"

ಹುಡುಗ ಉತ್ತರ ಕೊಡಲಿಲ್ಲ. ಅಜ್ಜ ಕರೆದ ಎಂದು ಅವನು ಹೇಳಬಹುದಿತ್ತು, ಹೇಳಲಿಲ್ಲ. ನಮ್ಮ ಮನೆಯವರು ನಮ್ಮ ಕಡೆ ಒಮ್ಮೆ ನೋಡಿದರು. ನಾವು ನೀರಿನ ಕಡೆ ನೋಡಿದೆವು. ಓದುಗ ಬಂಧುಗಳಲ್ಲಿ ಮುಚ್ಚುಮರೆಯೇಕೆ? ಆ ಗಳಿಗೆಯಲ್ಲಿ ನಮ್ಮ ಮನಸ್ಸಿನಲ್ಲಿ ಎರಡು ವಿಚಾರಗಳು ಸುಳಿದವು. ದೋಣಿಯನ್ನು ಮಾರಿಸಲು ಇದಕ್ಕಿಂತ ಒಳ್ಳೆಯ ಸಮಯ ಇನ್ನಾವುದೂ ಬರಲಾರದೆಂಬುದು ಒಂದು. ನಾವು ಸುಮ್ಮನಿದ್ದರೆ ಯಾರಿಗೂ ತಿಳಿಯದೆಂಬುದು ಇನ್ನೊಂದು. ಇವೆರಡರಲ್ಲಿ ಯಾವುದು ಹೆಚ್ಚು ಕೀಳೆಂದು ನಾವು ಇಂದಿಗೂ ಹೇಳಲಾರೆವು.

ಕಾರಿನಲ್ಲಿ ಯಾರೂ ಮಾತನಾಡಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ತಟ್ಟೆಯನ್ನು ಸರಿಸಿ, "ಬೆಳಿಗ್ಗೆ ಅವ ನೋಡಬೇಕಂತಿದ್ದ. ಬಿಡಿಸಿ ಕರದವರು ನಾವು. ತಪ್ಪು ನಮ್ಮದು," ಎಂದೆವು. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದರ ಕೆಳಗ ಸಹಿ ನಂದೈತ್ರಿ ಅಪ್ಪಾ. ನಾನೂ ನೋಡದನ ಹಾಕೀನಿ," ಎಂದ. ಆಗ ಮೊಮ್ಮಗ ತಲೆಯೆತ್ತಿ, "ಅಜ್ಜ ಕರದ್ರೂ ಗುರುತು ಹಾಕಿದ್ದು ನಾನ," ಎಂದ. ಮೂರು ತಲೆಮಾರಿನ ಮೂವರು ಒಂದೇ ತಪ್ಪನ್ನು ತಮ್ಮ ತಮ್ಮ ಕಡೆಗೆ ಎಳೆದುಕೊಳ್ಳುತ್ತಿರುವುದನ್ನು ಕಂಡು ಸೊಸೆಗೆ ಅಳುವೂ ನಗುವೂ ಒಟ್ಟಿಗೆ ಬಂದವು. ತಪ್ಪನ್ನು ಇನ್ನೊಬ್ಬರ ಕಡೆಗೆ ನೂಕುವ ಮನೆಗಳನ್ನು ನಾವು ಬಹಳ ಕಂಡಿದ್ದೇವೆ. ಈ ದೃಶ್ಯ ನಮಗೆ ಅಪರೂಪದ್ದಾಗಿತ್ತು.

ಮರುದಿನ ಭಾನುವಾರ ಎಲ್ಲರೂ ದೋಣಿಗೆ ಹೋದರು, ವಿಹಾರಕ್ಕಲ್ಲ. ದೋಣಿಯಲ್ಲಿದ್ದ ಕ್ಲಾಂಪುಗಳನ್ನೆಲ್ಲ ಎಣಿಸಿ, ಹಳೆಯವನ್ನೆಲ್ಲ ಬದಲಿಸಿದರು. ಪಂಪು ಓಡಿದರೆ ಮೇಲಿದ್ದವರಿಗೆ ಕೇಳಿಸುವಂತೆ ಒಂದು ಗಂಟೆಯನ್ನು ಜೋಡಿಸಿದರು. ಪಟ್ಟಿಯಲ್ಲಿಯೂ ಒಂದು ಬದಲಾವಣೆಯಾಯಿತು. ಒಬ್ಬರು ನೋಡಿದ್ದನ್ನು ಇನ್ನೊಬ್ಬರು ಕೈಯಿಂದ ಮುಟ್ಟಿಯೇ ಸಹಿ ಹಾಕಬೇಕು. ಪಟ್ಟಿ ನಡೆದಿರುವಾಗ ಯಾರೂ ಯಾರನ್ನೂ ಕರೆಯಬಾರದು. ಆ ಎರಡನೆಯ ನಿಯಮವನ್ನು ಬರೆಯಿಸಿದವರು ನಾವು. ದೋಣಿ ಮಾರುವ ಮಾತನ್ನು ಮಾತ್ರ ನಾವು ಆ ಬಳಿಕ ಎತ್ತಲಿಲ್ಲ. ಹಣದ ಲೆಕ್ಕದಲ್ಲಿ ಅದು ಇಂದಿಗೂ ನಷ್ಟದ ಬಾಬತ್ತೇ, ಅದರಲ್ಲಿ ಸಂದೇಹವಿಲ್ಲ. ಆದರೆ ನಾಲ್ಕು ಕೋಣೆಯ ನಾಲ್ವರು ಒಬ್ಬರ ಕೆಲಸವನ್ನು ಒಬ್ಬರು ನಂಬಿ ನೀರಿಗಿಳಿಯುವ ಜಾಗ ಅದೊಂದೇ ಎಂಬುದು ನಮಗೆ ಮನವರಿಕೆಯಾಗಿತ್ತು.

ನಾವು ಮೇರಿಲ್ಯಾಂಡ್‌ಗೆ ಹೋಗುವ ಕೆಲವೇ ದಿನ ಮೊದಲು, 2024ರ ಮಾರ್ಚ್ 26ರ ನಸುಕಿನಲ್ಲಿ, ಅದೇ ಕೊಲ್ಲಿಯ ಬಾಲ್ಟಿಮೋರ್ ಬಂದರಿನ ಬಾಯಿಯಲ್ಲಿ ಒಂದು ದುರಂತ ನಡೆದಿತ್ತು. ಸುಮಾರು 300 ಮೀಟರ್ ಉದ್ದದ 'ಡಾಲಿ' ಎಂಬ ಸರಕಿನ ಹಡಗಿನ ವಿದ್ಯುತ್ತು ನಿಂತು, ಹಿಡಿತ ತಪ್ಪಿ, ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಗೆ ಬಡಿಯಿತು. ಸೇತುವೆ ಕುಸಿದು, ರಾತ್ರಿಪಾಳಿಯಲ್ಲಿ ರಸ್ತೆಯ ಗುಂಡಿ ಮುಚ್ಚುತ್ತಿದ್ದ ಆರು ಮಂದಿ ಕೂಲಿಕಾರರು ಸತ್ತರು. ಅಲ್ಲಿನ ದೋಣಿಯವರ ಬಾಯಲ್ಲಿ ಆ ಬೇಸಿಗೆಯೆಲ್ಲ ಅದೇ ಮಾತು. ಆ ದೇಶದ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮುಗಿಸಿ 2025ರ ನವೆಂಬರ್ ತಿಂಗಳಲ್ಲಿ ತನ್ನ ನಿರ್ಣಯವನ್ನು ತಿಳಿಸಿತು. ವಿದ್ಯುತ್ತು ಮೊದಲು ನಿಲ್ಲಲು ಕಾರಣವಾದದ್ದು ಒಂದು ಸಡಿಲವಾದ ತಂತಿ. ತಂತಿಯ ಮೇಲೆ ಗುರುತಿಗಾಗಿ ಹಾಕಿದ ಪಟ್ಟಿಯೇ ಅಡ್ಡವಾಗಿ, ತಂತಿ ತನ್ನ ಜಾಗದಲ್ಲಿ ಪೂರ್ತಿ ಕೂತಿರಲಿಲ್ಲ. ಊರಿನಲ್ಲಿ ಕುಳಿತು ಈ ಸುದ್ದಿಯನ್ನು ಓದಿದಾಗ ನಮ್ಮ ಕಣ್ಣ ಮುಂದೆ ಬಂದದ್ದು ಆ ಮುಕ್ಕಾಲು ಅಂಗುಲದ ಪೈಪು. ಹಡಗು ದೊಡ್ಡದಿರಲಿ, ದೋಣಿ ಚಿಕ್ಕದಿರಲಿ, ಮುಳುಗಿಸುವ ವಸ್ತುವಿನ ಗಾತ್ರ ಹೆಚ್ಚುಕಡಿಮೆ ಒಂದೇ.

ನಮ್ಮ ಓದುಗರಲ್ಲಿ ಹಾಯಿದೋಣಿ ಇಟ್ಟುಕೊಂಡವರು ವಿರಳ. ಆದರೆ ನೋಡಿಕೊಳ್ಳಬೇಕಾದ ವಸ್ತುಗಳಿಲ್ಲದ ಮನೆ ಯಾವುದಿದೆ? ಅಡುಗೆಮನೆಯ ಗ್ಯಾಸಿನ ರಬ್ಬರ್ ನಳಿಕೆಯನ್ನು ಬದಲಿಸಿ ಎಷ್ಟು ವರ್ಷವಾಯಿತು? ಸ್ಕೂಟರಿನ ಬ್ರೇಕನ್ನು ಕೊನೆಯ ಬಾರಿ ನೋಡಿದವರು ಯಾರು? ಮಾಳಿಗೆಯ ಮೆಟ್ಟಿಲ ಕಟಕಟೆ ಅಲುಗಾಡುತ್ತದೆಂದು ಎಲ್ಲರಿಗೂ ಗೊತ್ತು, ಬಿಗಿಯುವವರು ಯಾರು? ಹಿರಿಯರ ರಕ್ತದೊತ್ತಡದ ಗುಳಿಗೆ ತೀರಿದೆಯೇ ಎಂದು ಡಬ್ಬಿ ತೆರೆದು ನೋಡಿದವರು ಯಾರು? ಇಂಥ ಕೆಲಸವನ್ನು ಮನೆಯ ಮಗುವೊಂದು ಮನಸ್ಸಿಟ್ಟು ಮಾಡುತ್ತಿರುವಾಗ, "ಸಾಕು ಬಾ" ಎಂದು ಕರೆಯುವ ಅಕ್ಕರೆ ಅಕ್ಕರೆಯಲ್ಲವೆಂಬುದನ್ನು ನಾವು ನಮ್ಮ ಅನುಭವದಿಂದ ಕಲಿತೆವು. ಹಿರಿಯರಾದ ನಾವು ಮಕ್ಕಳಿಗೆ ಕೊಡಬಹುದಾದ ಗೌರವಗಳಲ್ಲಿ ಅವರ ಕೆಲಸ ಮುಗಿಯುವವರೆಗೆ ಕಾಯುವುದೂ ಒಂದು.

2025ರ ಏಪ್ರಿಲ್‌ನಲ್ಲಿ ದೋಣಿ ಮತ್ತೆ ನೀರಿಗಿಳಿದ ದಿನ ಮೊಮ್ಮಗ ನಮಗೆ ನೋಟುಬುಕ್ಕಿನ ಒಂದು ಪುಟದ ಚಿತ್ರ ಕಳಿಸಿದ್ದ. ಕ್ಲಾಂಪಿನ ಸಾಲಿನ ಮುಂದೆ ಗುರುತು. ಅದರ ಪಕ್ಕದಲ್ಲಿ ಸೊಟ್ಟ ಸೊಟ್ಟ ಕನ್ನಡ ಅಕ್ಷರಗಳಲ್ಲಿ, "ಮುಟ್ಟಿ ನೋಡಿದೆ ಅಜ್ಜ". ಅದನ್ನು ಓದಿ ನಾವು ಸುಮ್ಮನೆ ಕೂರಲಿಲ್ಲ. ಎದ್ದು ಒಳಗೆ ಹೋಗಿ ನಮ್ಮ ಗ್ಯಾಸಿನ ನಳಿಕೆಯನ್ನು ನೋಡಿದೆವು. ಬದಲಿಸುವ ಕಾಲ ಮೀರಿತ್ತು.